ಮನೆಮಂದಿಯೆಲ್ಲ ಕೂಡಿ ಎರಡನೇ ಭಾಗ ನೋಡಲು ಹೋಗುವುದು ಹೇಗೆ

ನಮ್ಮ ಕೊಪ್ಪಳದ ಕಡೆ ಈಗ ಮನೆಮಂದಿಯೆಲ್ಲ ಒಟ್ಟಿಗೆ ಟಾಕೀಸಿಗೆ ಹೋಗುವುದು ವರ್ಷಕ್ಕೆ ಒಂದೋ ಎರಡೋ ಸಲ. ಅದೂ ಹೆಚ್ಚಾಗಿ ಯಾವುದಾದರೂ ದೊಡ್ಡ ಸಾಹಸದ ಸಿನಿಮಾದ ಮುಂದಿನ ಭಾಗ ಬಂದಾಗ. ಉಳಿದದ್ದೆಲ್ಲ ಒಂದು ತಿಂಗಳು ಬಿಟ್ಟರೆ ಫೋನಿಗೇ ಬರುತ್ತೆ ಬಿಡು ಅಂತ ಕಾಯುತ್ತಾರೆ. ಹೋಗುವುದೇ ಅಪರೂಪ ಅಂದಮೇಲೆ ಆ ಒಂದು ದಿನ ಕೆಡಬಾರದು, ಅಲ್ವಾ? ನಾನು ಪ್ರತಿ ಸಲ ಆರು ಜನರನ್ನು ಕರೆದುಕೊಂಡು ಹೋಗುವವನು, ಹಾಗಾಗಿ ಕಲಿತದ್ದನ್ನು ಬರೆಯುತ್ತಿದ್ದೇನೆ.

ಮೊದಲನೇ ಭಾಗವನ್ನು ಮನೆಯಲ್ಲಿ ಮತ್ತೆ ನೋಡಿ. ಇದನ್ನು ಮಾತ್ರ ಬಿಡಬೇಡಿ. ಕೆಜಿಎಫ್ ಮೊದಲ ಭಾಗ ಬಂದದ್ದು 2018ರ ಡಿಸೆಂಬರ್‌ನಲ್ಲಿ, ಎರಡನೆಯದು 2022ರ ಏಪ್ರಿಲ್‌ನಲ್ಲಿ. ಅವತಾರ್‌ಗಂತೂ 2009ರಿಂದ 2022ರ ತನಕ, ಹದಿಮೂರು ವರ್ಷ! ಮೊದಲನೆಯದನ್ನು ನೋಡಿದಾಗ ತೊಡೆ ಮೇಲೆ ಕೂತಿದ್ದ ಹುಡುಗ ಎರಡನೆಯದಕ್ಕೆ ತಾನೇ ಬೈಕ್ ಓಡಿಸಿಕೊಂಡು ಬಂದ. ದೊಡ್ಡವರಿಗೆ ಕಥೆ ಮರೆತಿರುತ್ತೆ. ಒಮ್ಮೆ ನಮ್ಮ ಅವ್ವ, ಸಿನಿಮಾ ಶುರುವಾಗಿ ಹತ್ತು ನಿಮಿಷಕ್ಕೇ ನನ್ನ ತೋಳು ಹಿಡಿದು ಕೇಳಿದಳು: "ಇವ ಹೋದ ಸಲ ಸತ್ತಿದ್ನಲ್ಲೋ ತಮ್ಮಾ?" ಸತ್ತವನು ಅಣ್ಣ, ಇವನು ತಮ್ಮ ಅಂತ ಪಿಸುಮಾತಿನಲ್ಲಿ ಹೇಳುವಷ್ಟರಲ್ಲಿ ಒಂದು ಒಳ್ಳೇ ಫೈಟು ಮುಗಿದುಹೋಯಿತು. ಅವಳಿಗೂ ಹೋಯಿತು, ನನಗೂ ಹೋಯಿತು. ಅಂದಿನಿಂದ ಹಿಂದಿನ ರಾತ್ರಿ ಊಟ ಆದಮೇಲೆ ಟಿವಿಯಲ್ಲಿ ಮೊದಲ ಭಾಗ ಹಾಕುತ್ತೇನೆ. ಪೂರ್ತಿ ನೋಡಲು ಹೊತ್ತಿಲ್ಲದಿದ್ದರೆ ಕೊನೆಯ ಅರ್ಧ ಗಂಟೆ ಸಾಕು, ಯಾರು ಸತ್ತರು, ಯಾರು ಉಳಿದರು, ಯಾರ ಮೇಲೆ ಯಾರಿಗೆ ಸೇಡು ಅನ್ನುವುದು ಅಲ್ಲೇ ಇರುತ್ತೆ. ಕೆಲವು ಸಲ ಆಮೇಲೆ ಬಂದ ಭಾಗದಲ್ಲಿ ಹಳೇ ಕಾಲದ ಕಥೆ ಇರುತ್ತೆ, 2025ರ ಅಕ್ಟೋಬರ್ 2ಕ್ಕೆ ಬಂದ ಕಾಂತಾರದ ಹಾಗೆ. ಅಂಥದ್ದಕ್ಕೆ ಇಷ್ಟು ತಯಾರಿ ಬೇಕಿಲ್ಲ.

ಇನ್ನು ಯಾವಾಗ ಹೋಗಬೇಕು? ಮೊದಲೆಲ್ಲ ರೀಲಿನ ಡಬ್ಬಿ ಊರಿಂದ ಊರಿಗೆ ಬರಬೇಕಿತ್ತು, ಬೆಂಗಳೂರಲ್ಲಿ ಓಡಿದ ಎಷ್ಟೋ ವಾರದ ಮೇಲೆ ನಮಗೆ ಸಿಗುತ್ತಿತ್ತು, ಬಂದಮೇಲೆ ಆರಾಮಾಗಿ ನೋಡಬಹುದಿತ್ತು. ಈಗ ಎಲ್ಲ ಡಿಜಿಟಲ್. ಬೆಂಗಳೂರಿಗೆ ಬಂದ ದಿನವೇ ಗಂಗಾವತಿಗೂ ಬರುತ್ತೆ, ಹಾಗೇ ಬೇಗ ಎತ್ತಿಬಿಡುತ್ತಾರೆ ಕೂಡ. ಎರಡನೇ ವಾರಕ್ಕೆ ನೋಡೋಣ ಅಂತ ಕೂತರೆ ಅಷ್ಟರಲ್ಲಿ ಬೇರೆ ಪೋಸ್ಟರ್ ಬಿದ್ದಿರುತ್ತೆ. ಮೊದಲ ಮೂರು ದಿನ ಹುಡುಗರಿಗೆ ಬಿಡಿ. ಶಿಳ್ಳೆ, ಪಟಾಕಿ, ಕಟೌಟಿಗೆ ಹಾಲು, ಅದರ ಮಜಾನೇ ಬೇರೆ, ಆದರೆ ವಯಸ್ಸಾದವರಿಗೆ ಒಂದು ಮಾತೂ ಕೇಳಿಸುವುದಿಲ್ಲ. ಸೋಮವಾರದಿಂದ ಗುರುವಾರದೊಳಗೆ ಒಂದು ಮ್ಯಾಟಿನಿ ಹಿಡಿಯಿರಿ. ಏಪ್ರಿಲ್, ಮೇನಲ್ಲಿ ಹೊರಗೆ 40 ಡಿಗ್ರಿ ಬಿಸಿಲು ಸುಡುವಾಗ ಎಸಿ ಇರುವ ಟಾಕೀಸಿನಲ್ಲಿ ಮೂರು ತಾಸು ಕೂತರೆ ಅರ್ಧ ದುಡ್ಡು ಅಲ್ಲೇ ವಸೂಲಾಗುತ್ತೆ. ಎಸಿ ನಿಜವಾಗಿ ಓಡುತ್ತಾ ಅಂತ ನಿನ್ನೆ ಹೋಗಿ ಬಂದವರನ್ನು ಕೇಳಿ, ಬೋರ್ಡ್ ನಂಬಬೇಡಿ.

ಟಿಕೆಟ್ ತೆಗೆಯುವಾಗ ಭಾಷೆ ನೋಡಿ. ನಮ್ಮ ಕಡೆ ಒಂದೇ ಸಿನಿಮಾ ಕನ್ನಡ, ತೆಲುಗು, ಹಿಂದಿ ಮೂರರಲ್ಲೂ ಬರುತ್ತೆ, ಬಳ್ಳಾರಿ, ರಾಯಚೂರಲ್ಲಂತೂ ತೆಲುಗು ಶೋಗಳೇ ಜಾಸ್ತಿ. ನಾನು ಒಮ್ಮೆ ಅವಸರದಲ್ಲಿ ಫೋನಿನಲ್ಲಿ ತೆಲುಗು ಶೋ ಬುಕ್ ಮಾಡಿಬಿಟ್ಟೆ. ಬಳ್ಳಾರಿಯಲ್ಲಿ ಬೆಳೆದ ಚಿಗವ್ವನಿಗೆ ಸಲೀಸು, ಅವಳು ನಗುತ್ತಲೇ ಇದ್ದಳು. ಯಲಬುರ್ಗಾ ಕಡೆಯ ನಮ್ಮ ಅವ್ವ ಮೂರು ತಾಸು ಸುಮ್ನೆ ಪರದೆ ನೋಡುತ್ತಾ ಕೂತಳು, ಒಂದು ಮಾತೂ ಆಡಲಿಲ್ಲ. ನನಗೆ ಇವತ್ತಿಗೂ ಅದು ಚುಚ್ಚುತ್ತೆ. ದಿನಾಂಕ, ಶೋ, ಭಾಷೆ ಮೂರನ್ನೂ ಜೋರಾಗಿ ಓದಿ ಆಮೇಲೆ ದುಡ್ಡು ಕಟ್ಟಿ.

ಫೋನಿನಲ್ಲಿ ಬುಕ್ ಮಾಡಿದರೆ ಪ್ರತಿ ಟಿಕೆಟ್ ಮೇಲೆ ಬೇರೆ ಚಾರ್ಜ್ ಬೀಳುತ್ತೆ. ವಾರದ ನಡುವೆ ಹೋಗುವುದಾದರೆ ಕೌಂಟರ್‌ನಲ್ಲೇ ತೆಗೆದುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಟಿಕೆಟ್‌ಗೆ ಜಿಎಸ್‌ಟಿ 5%, ಅದು ದಾಟಿದರೆ 18%. ಆರು ಜನ ಅಂದರೆ ಇದು ಇಂಟರ್ವಲ್‌ನ ಖರ್ಚಿಗೆ ಆಗುವಷ್ಟು ವ್ಯತ್ಯಾಸ. ಬ್ಲಾಕ್‌ನಲ್ಲಿ ಮಾತ್ರ ಕೊಳ್ಳಬೇಡಿ.

ಸೀಟಿನ ವಿಷಯ. ಬಾಲ್ಕನಿ ಒಳ್ಳೇದು ಅಂತ ಎಲ್ಲರೂ ಅಲ್ಲಿಗೇ ಓಡುತ್ತಾರೆ, ಆದರೆ ಮಂಡಿನೋವು ಇರುವವರಿಗೆ ಆ ಮೆಟ್ಟಿಲು ಕಷ್ಟ, ಇಂಟರ್ವಲ್‌ನಲ್ಲಿ ಮತ್ತೆ ಇಳಿದು ಹತ್ತಬೇಕು. ಕೆಳಗೆ ಹಿಂದಿನ ಸಾಲುಗಳ ನಟ್ಟನಡುವೆ ಕೂತರೆ ಚಿತ್ರವೂ ಸರಿ, ಎರಡೂ ಗೋಡೆಯ ಸೌಂಡೂ ಸಮ. ಗೋಡೆ ಪಕ್ಕ ಕೂತರೆ ಒಂದು ಕಿವಿಗೇ ಬಡಿಯುತ್ತೆ. 3ಡಿ ಆದರೆ ಕನ್ನಡಕ ಕೊಟ್ಟ ಕೂಡಲೇ ಬೆಳಕಿಗೆ ಹಿಡಿದು ಗೀರು ಇದೆಯಾ ನೋಡಿ, ಇದ್ದರೆ ಅಲ್ಲೇ ಬದಲಿಸಿಕೊಳ್ಳಿ, ಒಳಗೆ ಕತ್ತಲಾದ ಮೇಲೆ ಆಗುವುದಿಲ್ಲ. ಮೊದಲೇ ಚಷ್ಮಾ ಹಾಕುವವರಿಗೆ 2ಡಿ ಶೋನೇ ವಾಸಿ.

ಸಿನಿಮಾ ಎಷ್ಟು ಹೊತ್ತು ಅಂತ ಮೊದಲೇ ತಿಳಿದುಕೊಳ್ಳಿ. ಕೆಜಿಎಫ್ ಎರಡನೇ ಭಾಗ 168 ನಿಮಿಷ, ಅವತಾರ್ ಎರಡನೇ ಭಾಗ 192 ನಿಮಿಷ. ಇದರ ಮೇಲೆ ಜಾಹೀರಾತು, ಇಂಟರ್ವಲ್ ಸೇರಿಸಿ ಬಸ್ಸಿನ ಹೊತ್ತು ಲೆಕ್ಕ ಹಾಕಿ. ಹಳ್ಳಿಗೆ ವಾಪಸ್ ಹೋಗಬೇಕಾದವರು ಸೆಕೆಂಡ್ ಶೋಗೆ ಹೋಗಲೇಬೇಡಿ. ಇಂಗ್ಲಿಷ್ ಸಿನಿಮಾದಲ್ಲಿ ಇಂಟರ್ವಲ್ ಇರುವುದಿಲ್ಲ, ನಮ್ಮವರೇ ನಡುವೆ ಎಲ್ಲೋ ನಿಲ್ಲಿಸುತ್ತಾರೆ, ಮಕ್ಕಳಿಗೆ ಇದನ್ನು ಹೇಳಿ ಇಟ್ಟಿರಿ. ಊಟ ಮಾಡಿಕೊಂಡೇ ಹೋಗಿ. ಮಿರ್ಚಿ, ಒಗ್ಗರಣೆ ಮಂಡಕ್ಕಿ ಹೊರಗೆ ಬಂದಮೇಲೆ ಬಿಸಿಬಿಸಿ ತಿಂದರೇ ರುಚಿ, ತಿನ್ನುತ್ತಾ ಸಿನಿಮಾ ಬಗ್ಗೆ ಜಗಳ ಆಡಲೂ ಹೊತ್ತು ಸಿಗುತ್ತೆ.

ಕೊನೆಗೆ ಹೆಸರುಗಳು ಓಡಲು ಶುರುವಾದ ಕೂಡಲೇ ಏಳಬೇಡಿ. ಕೆಜಿಎಫ್ ಎರಡನೇ ಭಾಗದಲ್ಲಿ ಮೂರನೆಯದರ ಸುಳಿವು ಕೊಟ್ಟದ್ದು ಆಮೇಲೆಯೇ. ಲೈಟ್ ಹಾಕಿ ಬಾಗಿಲು ತೆಗೆದರೂ ಕೂತಿರಿ. ಚಪ್ಪಲಿ, ನೀರಿನ ಬಾಟಲಿ, ಅವ್ವನ ಕೈಚೀಲ ಹುಡುಕಿಕೊಳ್ಳಲು ಹೇಗೂ ಅಷ್ಟು ಹೊತ್ತು ಬೇಕು.