ಕೊಳೆರೋಗದ ನೆಪದಲ್ಲಿ ಕಲಿತ ಇಂಗ್ಲಿಷ್

ಶಾಲೆಯಲ್ಲಿ ನಾನು ಕನ್ನಡ ಮಾಧ್ಯಮದವಳು. ಎಂ.ಎ. ಪ್ರಾಜೆಕ್ಟಿಗೆ ಕಾಸರಗೋಡಿನ ಅಡಿಕೆ ಕೃಷಿಯನ್ನು ಆರಿಸಿಕೊಂಡೆ. ವಿಷಯ ಮನೆಯದ್ದೇ, ಆದರೆ ಬರೆಯಬೇಕಾದದ್ದು ಇಂಗ್ಲಿಷಿನಲ್ಲಿ. ಯಾವುದು ಯಾವುದರ ಮೇಲೆ ಪರಿಣಾಮ ಬೀರಿತು ಅಂತ ಹೇಳಲು ನನ್ನ ಹತ್ತಿರ 'ಅಫೆಕ್ಟ್' ಬಿಟ್ಟರೆ ಬೇರೆ ಇರಲಿಲ್ಲ.

ಪಟ್ಟಿ ಬಾಯಿಪಾಠ ಮಾಡುವುದು ನನಗೆ ಆಗದ ಕೆಲಸ. ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐಯ ಇಂಗ್ಲಿಷ್ ಪ್ರಕಟಣೆಗಳನ್ನು ಓದುತ್ತಾ, ಇಂಥ ಮಾತು ಸಿಕ್ಕಲ್ಲೆಲ್ಲ ಇಡೀ ವಾಕ್ಯ ಬರೆದಿಟ್ಟೆ. ಮುಂದೆ ಬರುವ ಚಿಕ್ಕ ಪದವೂ ಜೊತೆಗೇ ಬೇಕು: 'ಇನ್‌ಫ್ಲುಯೆನ್ಸ್ ಆನ್', 'ಇನ್‌ಸ್ಟ್ರುಮೆಂಟಲ್ ಇನ್', 'ರೆಲೆವಂಟ್ ಟು'. 'ಅಫೆಕ್ಟ್' ಕ್ರಿಯಾಪದಕ್ಕೆ ಮಾತ್ರ ಏನೂ ಬೇಡ. ಆಮೇಲೆ ಅದೇ ಅಚ್ಚಿನಲ್ಲಿ ನಮ್ಮ ತೋಟದ ಬಗ್ಗೆ ಒಂದು ವಾಕ್ಯ.

ನಿಜವಾದ ಕಲಿಕೆ ಆದದ್ದು ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗದ ಪುಟದಲ್ಲಿ. ಜಡಿಮಳೆಗೆ ಕೊಳೆ ಬರುತ್ತದೆ ಅಂತ ನಾವು ಸಲೀಸಾಗಿ ಹೇಳುತ್ತೇವೆ. ರೋಗ ತರುವುದು ಫೈಟೋಫ್ತೋರಾ ಎಂಬ ರೋಗಾಣು. ಬಿಡದ ಮಳೆ, ತೇವ ಅದು ಹರಡಲು ಅನುಕೂಲ ಮಾಡಿಕೊಡುತ್ತವೆ. ಹಾಗಾಗಿ ಮಳೆಗೆ 'ಕಾಸಸ್' ಅಂತ ಬರೆದರೆ ಜಾಸ್ತಿಯಾಯಿತು. 'ಕಾಂಟ್ರಿಬ್ಯೂಟ್ಸ್ ಟು ದ ಸ್ಪ್ರೆಡ್ ಆಫ್' ಸರಿ. ರೋಗ ತಡೆಯಲು ಮಳೆಗೆ ಮುಂಚೆ ಬೋರ್ಡೋ ದ್ರಾವಣ ಸಿಂಪಡಿಸುವುದಕ್ಕೆ, ಅಂದರೆ ನಮ್ಮ ಮದ್ದು ಬಿಡುವುದಕ್ಕೆ, 'ಪ್ಲೇಸ್ ಎ ಕೀ ರೋಲ್ ಇನ್' ಹೊಂದಿತು. ಒಂದೇ ರೋಗ, ಆದರೆ ಒಂದು ಮಾತು ಹೊಣೆಯನ್ನು ಪೂರ್ತಿ ಹೊರಿಸುತ್ತದೆ, ಇನ್ನೊಂದು ಪಾಲು ಮಾತ್ರ ಕೊಡುತ್ತದೆ. ನನ್ನ ಮಟ್ಟಿಗೆ ಈ ಅಳತೆ ತಿಳಿಯದೆ ಪದಸಂಪತ್ತು ಬೆಳೆಸಿ ಪ್ರಯೋಜನವಿಲ್ಲ.

ಪ್ರಸ್ತುತತೆಯ ಮಾತುಗಳಿಗೆ ಗಡಿಯ ವಿಷಯ ಒದಗಿತು. ನಮ್ಮೂರಲ್ಲಿ ಏನು ಮಾತಾಡಿದರೂ ಕಾಸರಗೋಡು ಕೇರಳಕ್ಕೆ ಸೇರಿದ 1956ಕ್ಕೆ ಹೋಗಿ ನಿಲ್ಲುತ್ತದೆ, ಅಲ್ವಾ? ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದ, ಗಡಿ ವಿವಾದದ ಮಹಾಜನ ಆಯೋಗದ 1967ರ ವರದಿ ಭಾಷೆಯ ಚರ್ಚೆಗೆ 'ಹೈಲಿ ರೆಲೆವಂಟ್'. ಅಡಿಕೆಯ ಇಳುವರಿಗೆ ಬಂದರೆ 'ಹ್ಯಾಸ್ ನೋ ಬೇರಿಂಗ್ ಆನ್'. ಈ 'ಬೇರಿಂಗ್' ಇಲ್ಲ ಎನ್ನುವಾಗಲೇ ಜಾಸ್ತಿ ಕಾಣಿಸುತ್ತದೆ. 'ಪರ್ಟಿನೆಂಟ್ ಟು' ಕೂಡ ಬಳಸಿದೆ. 'ಜರ್ಮೇನ್ ಟು' ನನಗೆ ಕೋರ್ಟಿನ ವಾಸನೆ ಹೊಡೆಯಿತು, ಬಿಟ್ಟೆ.

'ಸಿಗ್ನಿಫಿಕೆಂಟ್' ಬಗ್ಗೆ ಒಂದು ಮಾತು. ಸಂಶೋಧನೆಯ ಬರಹದಲ್ಲಿ ಅದಕ್ಕೆ ಸಂಖ್ಯಾಶಾಸ್ತ್ರದ ಅರ್ಥ ಬೇರೆಯೇ ಇದೆ. ಲೆಕ್ಕ ಹಾಕಿ ಪರೀಕ್ಷಿಸದ ಕಡೆ ಸುಮ್ನೆ 'ಕನ್ಸಿಡರಬಲ್' ಹಾಕುತ್ತೇನೆ.