ಕೊನೆಯ ಹಂತದ ಕ್ಯಾನ್ಸರ್ ರೋಗಿ ಮನೆಗೆ ಬಂದಾಗ: ನೋಡಿಕೊಳ್ಳುವವರ ಸಿದ್ಧತೆ ಹೇಗಿರಬೇಕು?

ಚಿಕಿತ್ಸೆಯಿಂದ ಇನ್ನು ಪ್ರಯೋಜನವಿಲ್ಲವೆಂದು ತಿಳಿದು ರೋಗಿಯನ್ನು ಮನೆಗೆ ಕರೆತರುವವರು, ಡಿಸ್ಚಾರ್ಜ್‌ಗೆ ಮುನ್ನವೇ ಪ್ಯಾಲಿಯೇಟಿವ್ ಕೇರ್, ಅಂದರೆ ರೋಗ ವಾಸಿಯಾಗದಿದ್ದರೂ ನೋವು, ಸಂಕಟ ತಗ್ಗಿಸುವ ಉಪಶಾಮಕ ಆರೈಕೆಯ ವೈದ್ಯರನ್ನು ಕಾಣಬೇಕು. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಇದಕ್ಕೆಂದೇ ವಿಭಾಗವಿದೆ. ನಡುರಾತ್ರಿ ನೋವು ಹೆಚ್ಚಾದರೆ ಯಾವ ಮಾತ್ರೆ, ಎಷ್ಟು, ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಬರೆಸಿಕೊಳ್ಳದೆ ಹೊರಡಬಾರದು.

ಮನೆಯವರು ಹೆಚ್ಚು ತಡವರಿಸುವುದು ತೀವ್ರ ನೋವಿಗೆ ಕೊಡುವ ಮಾರ್ಫಿನ್ ವಿಷಯದಲ್ಲಿ. ಸಾಮಾನ್ಯ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು 4 ಗಂಟೆ ಮಾತ್ರ ಇರುವುದರಿಂದ, ನೋವು ಬಂದ ಮೇಲಲ್ಲ, ಗಡಿಯಾರ ನೋಡಿ ಕೊಡಬೇಕು. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10 ಎಂದು ಗೋಡೆಗೆ ಪಟ್ಟಿ ಅಂಟಿಸಿ, ಕೊಟ್ಟಾಗಲೆಲ್ಲ ಗುರುತು ಹಾಕಿದರೆ ಆರೈಕೆ ಮಾಡುವವರು ಬದಲಾದರೂ ಗೊಂದಲವಾಗದು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ದೀರ್ಘ ಅಂತರಕ್ಕೆ ಏನು ಮಾಡಬೇಕೆಂದು ವೈದ್ಯರನ್ನೇ ಕೇಳಿಕೊಳ್ಳಬೇಕು. ಮಾರ್ಫಿನ್‌ನಿಂದ ಮಲಬದ್ಧತೆ ಬಹುತೇಕ ಖಚಿತವಾದ್ದರಿಂದ ಅದರ ಔಷಧವನ್ನು ಮೊದಲ ದಿನವೇ ಕೇಳಿ ಪಡೆಯಬೇಕು. ಮಾರ್ಫಿನ್ ಅನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಟ್ಟರೆ ಆಯುಷ್ಯ ಕಡಿಮೆಯಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಮಾದಕ ದ್ರವ್ಯಗಳ ಕಾನೂನಿಗೆ 2014ರಲ್ಲಿ ತಿದ್ದುಪಡಿ ತಂದು ನಿಯಮ ಸಡಿಲಿಸಿದ ನಂತರವೂ ಇದು ಎಲ್ಲ ಮೆಡಿಕಲ್‌ಗಳಲ್ಲಿ ಸಿಗುವ ಮಾತ್ರೆಯಲ್ಲವಾದ್ದರಿಂದ, ಮುಗಿಯುವುದಕ್ಕೆ ಒಂದು ವಾರ ಮೊದಲೇ ತರಿಸಿಡಬೇಕು.

ಮಲಗಿದಲ್ಲೇ ಇರುವವರ ಮಗ್ಗುಲನ್ನು 2 ಗಂಟೆಗೊಮ್ಮೆ ಬದಲಿಸಬೇಕು. ಸೊಂಟದ ಕೆಳಗೆ ಕೆಂಪಾದರೆ ತಿಕ್ಕದೆ, ಆ ಜಾಗದ ಮೇಲೆ ಭಾರ ಬೀಳದಂತೆ ಮಲಗಿಸಬೇಕು. ನಮ್ಮ ಮಳೆಗಾಲದಲ್ಲಿ ಕರೆಂಟ್ ಹೋದರೆ ಗಾಳಿಹಾಸಿಗೆಯ ಪಂಪ್ ನಿಂತು ಹಾಸಿಗೆ ಕುಸಿಯುತ್ತದೆ. ಅದರಡಿಯಲ್ಲಿ ಹತ್ತಿಯ ಹಾಸಿಗೆಯಿರಲಿ. ಬಟ್ಟೆ ಒಣಗದ ಆ ದಿನಗಳಿಗೆ ಹಳೆಯ ಹತ್ತಿ ಸೀರೆಗಳನ್ನು ತುಂಡರಿಸಿಟ್ಟುಕೊಳ್ಳುವುದು ಒಳ್ಳೆಯದು.

ಊಟಕ್ಕೆ ಒತ್ತಾಯ ಬೇಡ. ಕುಚ್ಚಲಕ್ಕಿ ಗಂಜಿಯ ತಿಳಿ ಎರಡು ಚಮಚ ಹೋದರೂ ಸಾಕು. ನುಂಗಲಾಗದಿದ್ದರೆ ಒದ್ದೆ ಹತ್ತಿಯಿಂದ ತುಟಿ, ಬಾಯಿ ಒರೆಸಿದರಾಯಿತು.

ಇಷ್ಟನ್ನೂ ಸಾಮಾನ್ಯವಾಗಿ ಒಬ್ಬ ಸೊಸೆಯೋ ಮಗಳೋ ಮಾಡುತ್ತಿರುತ್ತಾಳೆ. ಮುಂಬಯಿಯಿಂದ ನೋಡಲು ಬಂದವರು "ಗ್ಲೂಕೋಸ್ ಹಾಕಿಸಲಿಲ್ಲವಾ?" ಎಂದು ಕೇಳಿ ಹೋಗುವ ಬದಲು ಒಂದು ರಾತ್ರಿಯ ಪಾಳಿ ವಹಿಸಿಕೊಂಡರೆ ಆಕೆಗೆ ನಿದ್ದೆಯಾದರೂ ಸಿಗುತ್ತದೆ. ಆಕೆಯ ಮನಸ್ಸು ಕುಗ್ಗಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ಉಚಿತ ಸಂಖ್ಯೆ 14416ಕ್ಕೆ ಕರೆ ಮಾಡಬಹುದು.

ಮನೆಯಲ್ಲಿಯೇ ಸಾವು ಸಂಭವಿಸಿದರೆ ಕಾರಣದ ಪ್ರಮಾಣಪತ್ರ ಕೊಡುವ ವೈದ್ಯರಾರು ಎಂಬುದನ್ನು ಮುಂಚಿತವಾಗಿಯೇ ಮಾತಾಡಿಕೊಂಡಿರಬೇಕು. ಮರಣ ನೋಂದಣಿಗೆ 21 ದಿನಗಳ ಅವಧಿಯಿದೆ.