ಗ್ಯಾಲಕ್ಸಿಯ ಎರಡು ಬೆಳಕು: ಯಾವುದು ಮೊದಲು, ಯಾವುದು ಆಮೇಲೆ?

ಕನ್ಯಾ ರಾಶಿಯಲ್ಲಿ, ಚಿತ್ತಾ ನಕ್ಷತ್ರದಿಂದ ಸ್ವಲ್ಪ ಆಚೆ, 3ಸಿ 279 ಎಂಬ ಬ್ಲೇಜಾರ್ ಜಾತಿಯ ಗ್ಯಾಲಕ್ಸಿ ಇದೆ. ಅದರ ನಡುವಿನ ಕಪ್ಪುಕುಳಿಯ ಬಳಿಯಿಂದ ಚಿಮ್ಮುವ ಕಣಗಳ ಧಾರೆ ಹೆಚ್ಚುಕಡಿಮೆ ನಮ್ಮ ಕಡೆಗೇ ತಿರುಗಿದೆ. 2015ರ ಜೂನ್‌ನಲ್ಲಿ ಅದರ ಗಾಮಾ ಬೆಳಕು (ಕಣ್ಣಿಗೆ ಕಾಣದ, ಎಕ್ಸ್-ರೇಗಿಂತಲೂ ಹೆಚ್ಚು ಶಕ್ತಿಯ ಕಿರಣ) ಐದು ನಿಮಿಷಕ್ಕೂ ಕಡಿಮೆ ಹೊತ್ತಿನಲ್ಲಿ ಇಮ್ಮಡಿಯಾಗಿತ್ತು. ಗಾಮಾ ಏರಿದಾಗ ಕಣ್ಣಿಗೆ ಕಾಣುವ ಬೆಳಕೂ ಏರುತ್ತದೆಯೇ? ಜೊತೆಯಲ್ಲೋ, ತಡವಾಗಿಯೋ? ಇದು ಗೊತ್ತಾದರೆ ಎರಡೂ ಒಂದೇ ಜಾಗದಿಂದ ಬರುತ್ತಿವೆಯೇ ಎಂಬ ಸುಳಿವು ಸಿಗುತ್ತದೆ. ಮನೆಯಲ್ಲೇ ಕೂತು ನೋಡಬಹುದು, ಡೇಟಾ ಉಚಿತ.

ಮೊದಲು ಅಂಕಿ ಇಳಿಸಿಕೊಳ್ಳಿ. ಗಾಮಾಕ್ಕೆ 2008ರಲ್ಲಿ ಹಾರಿದ ಫರ್ಮಿ ಉಪಗ್ರಹದ ಸಂಗ್ರಹ ಇದೆ. ಅಲ್ಲಿ ಮೂರು ದಿನದ, ವಾರದ, ತಿಂಗಳ ಲೆಕ್ಕ ಸಿಗುತ್ತದೆ. ವಾರದ್ದನ್ನೇ ತೆಗೆದುಕೊಳ್ಳಿ. ಕಾಣುವ ಬೆಳಕಿಗೆ ಅಸಾಸ್-ಎಸ್‌ಎನ್ ದೂರದರ್ಶಕಗಳ ಅಂಕಿ ಸಾಕು. ಅದರಲ್ಲಿ ವಿ ಮತ್ತು ಜಿ ಎಂದು ಎರಡು ಫಿಲ್ಟರ್ ಇವೆ, ಬೆರೆಸಬೇಡಿ. ಯಾರದೋ ಪ್ರಬಂಧದ ಗ್ರಾಫ್ ಚಿತ್ರದಿಂದ ಚುಕ್ಕಿ ಎತ್ತುವ ಸುಲಭದ ದಾರಿ ಬೇಡವೇ ಬೇಡ. ಚುಕ್ಕಿ ಬಂದರೂ ತಪ್ಪಿನ ಅಂದಾಜು ಸರಿಯಾಗಿ ಬರುವುದಿಲ್ಲ.

ಎರಡೂ ಪಟ್ಟಿಯ ದಿನಾಂಕವನ್ನು ಒಂದೇ ಲೆಕ್ಕಕ್ಕೆ ತನ್ನಿ. ಖಗೋಳದವರು ದಿನಗಳನ್ನು ಒಂದೇ ಸಮನೆ ಎಣಿಸುವ ಜೂಲಿಯನ್ ದಿನದಿಂದ 2400000.5 ಕಳೆದರೆ ಎಂಜೆಡಿ, ಅಂದರೆ ಅದರದೇ ಚಿಕ್ಕ ರೂಪ. ಆ ಅರ್ಧ ದಿನವನ್ನು ಮರೆಯುವವರು ಜಾಸ್ತಿ. ಮ್ಯಾಗ್ನಿಟ್ಯೂಡನ್ನು (ಹೊಳಪಿನ ಅಳತೆ, ಅಂಕಿ ಹೆಚ್ಚಿದಷ್ಟೂ ಹೊಳಪು ಕಡಿಮೆ) ಬೆಳಕಿನ ಪ್ರಮಾಣಕ್ಕೆ ಬದಲಿಸಿ, 5 ಮ್ಯಾಗ್ನಿಟ್ಯೂಡ್ ಎಂದರೆ 100 ಪಟ್ಟು.

ಇನ್ನು ಮುಖ್ಯ ಕೆಲಸ. ನಮ್ಮ ಖಗೋಳ ಕೂಟದಲ್ಲಿ ಮಕ್ಕಳು ಎಡವಿದ್ದನ್ನು ನೋಡಿದ್ದು ಇಲ್ಲೇ. ಸ್ಪ್ರೆಡ್‌ಶೀಟ್ ಚುಕ್ಕಿಗಳನ್ನು ನುಣುಪಾದ ಗೆರೆಯಲ್ಲಿ ಜೋಡಿಸಿಬಿಡುತ್ತದೆ. ಆ ಗೆರೆಯನ್ನು ಅಳಿಸಿ. ಹಸ್ತಾ ಮಳೆಯ ಕೊನೆಗೆ, ಅಕ್ಟೋಬರ್ 8ರ ಸುಮಾರಿಗೆ, ಸೂರ್ಯ 3ಸಿ 279ರ ಮುಂದೆಯೇ ಹಾದುಹೋಗುತ್ತಾನೆ. ಅದರ ಹಿಂದುಮುಂದಿನ ವಾರಗಳಲ್ಲಿ ನೆಲದ ದೂರದರ್ಶಕಕ್ಕೆ ಅದು ಕಾಣುವುದೇ ಇಲ್ಲ. ಸೂರ್ಯನೂ ಗಾಮಾ ಸೂಸುವುದರಿಂದ ಆ ವಾರದ ಫರ್ಮಿ ಅಂಕಿಯನ್ನೂ ನಾನು ಬಿಟ್ಟುಬಿಡುತ್ತೇನೆ. ಒಮ್ಮೆ ಹುಡುಗಿಯೊಬ್ಬಳು 40 ದಿನದ ವಿಳಂಬ ಸಿಕ್ಕಿದೆ ಎಂದು ಓಡಿ ಬಂದಳು. ಗೆರೆ ತೆಗೆದು ನೋಡಿದರೆ ಆ ಶಿಖರದಲ್ಲಿ ಒಂದು ಚುಕ್ಕಿಯೂ ಇರಲಿಲ್ಲ. ಖಾಲಿ ಜಾಗದಲ್ಲಿ ಗೆರೆಯೇ ಗುಡ್ಡ ಕಟ್ಟಿತ್ತು. ಅವಳ ಮುಖ ಸಪ್ಪಗಾದದ್ದು ಇನ್ನೂ ನೆನಪಿದೆ.

ಬದಲಿಗೆ ಜೋಡಿ ಲೆಕ್ಕ ಮಾಡಿ. ಒಂದು ಗಾಮಾ ಚುಕ್ಕಿ, ಒಂದು ಕಾಣುವ ಬೆಳಕಿನ ಚುಕ್ಕಿ ಹಿಡಿಯಿರಿ. ನಡುವೆ ಎಷ್ಟು ದಿನ, ಬರೆದುಕೊಳ್ಳಿ. ಪ್ರತಿಯೊಂದೂ ತನ್ನ ಸರಾಸರಿಗಿಂತ ಎಷ್ಟು ಮೇಲೆ ಅಥವಾ ಕೆಳಗಿದೆ ಎಂದು ತೆಗೆದು, ಅದನ್ನು ಅದರದೇ ಮಾನಕ ವಿಚಲನೆಯಿಂದ (ಅಂಕಿಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬ ಅಳತೆ) ಭಾಗಿಸಿ, ಎರಡನ್ನೂ ಗುಣಿಸಿ. ಹೀಗೆ ಎಲ್ಲ ಜೋಡಿಗಳಿಗೂ ಮಾಡಿ, ದಿನಗಳ ಅಂತರದ ಪ್ರಕಾರ ಹತ್ತತ್ತು ದಿನದ ಗುಂಪು ಮಾಡಿ, ಪ್ರತಿ ಗುಂಪಿನ ಸರಾಸರಿ ನೋಡಿ. ಸರಾಸರಿ ಎಲ್ಲಕ್ಕಿಂತ ಹೆಚ್ಚಿರುವ ಗುಂಪೇ ಶಿಖರ, ಅದರ ದಿನಗಳೇ ವಿಳಂಬ. ಖಗೋಳ ವಿಜ್ಞಾನಿಗಳಾದ ಎಡೆಲ್ಸನ್ ಮತ್ತು ಕ್ರೋಲಿಕ್ 1988ರಲ್ಲಿ ತೋರಿಸಿದ ದಾರಿ ಇದು. ಇದರಲ್ಲಿ ಇಲ್ಲದ ಚುಕ್ಕಿಯನ್ನು ಹುಟ್ಟಿಸುವ ಮಾತೇ ಇಲ್ಲ. ಹತ್ತು ಜೋಡಿಯೂ ಇಲ್ಲದ ಗುಂಪನ್ನು ಕೈಬಿಡಿ. ಯಾವುದರ ದಿನಾಂಕದಿಂದ ಯಾವುದರದ್ದನ್ನು ಕಳೆದಿರಿ ಎಂದು ಹಾಳೆಯ ಮೇಲೆಯೇ ಬರೆದಿಡಿ. ಇಲ್ಲದಿದ್ದರೆ ಮುಂದೆ ಬಂದದ್ದು ಹಿಂದೆ ಬಂದಂತೆ ಕಾಣುತ್ತದೆ.

ಶಿಖರ ಸಿಕ್ಕಿತು ಅಂತ ಸುಮ್ನೆ ಖುಷಿಪಡಬೇಡಿ. ನಿಧಾನವಾಗಿ ಏರಿಳಿಯುವ ಯಾವ ಎರಡು ಸಾಲುಗಳೂ ಆಕಸ್ಮಿಕವಾಗಿ ಹೊಂದಿಕೊಳ್ಳಬಹುದು. ನಾನು ಪ್ರತಿ ಸಲ ಮಾಡಿಸುವ ಪರೀಕ್ಷೆ ಇದು: 3ಸಿ 279ರ ಗಾಮಾವನ್ನು ಬೇರೆಯದೇ ಗ್ಯಾಲಕ್ಸಿಯಾದ 3ಸಿ 273ರ ಕಾಣುವ ಬೆಳಕಿನ ಜೊತೆ ಹೋಲಿಸಿ. ಅದೂ ಕನ್ಯಾ ರಾಶಿಯದ್ದೇ, ಸೂರ್ಯನಿಂದಾಗುವ ಖಾಲಿ ಜಾಗವೂ ಸುಮಾರಾಗಿ ಅದೇ ಕಾಲಕ್ಕೆ ಬೀಳುತ್ತದೆ. ಆದರೆ ಎರಡಕ್ಕೂ ಸಂಬಂಧವೇ ಇಲ್ಲ. ಅಲ್ಲೂ ಅಷ್ಟೇ ಎತ್ತರದ ಶಿಖರ ಬಂದರೆ ನಿಮ್ಮದನ್ನು ನಂಬುವಂತಿಲ್ಲ, ಅಲ್ವಾ?

ಕೊನೆಗೆ, ಸಿಕ್ಕ ದಿನಗಳನ್ನು 1.536ರಿಂದ ಭಾಗಿಸಿ. 3ಸಿ 279ರ ಕೆಂಪು ಪಲ್ಲಟ (ಬ್ರಹ್ಮಾಂಡ ಹಿಗ್ಗುವುದರಿಂದ ಅದರ ಬೆಳಕಿನ ಅಲೆ ಎಷ್ಟು ಉದ್ದವಾಗಿದೆ ಎಂಬ ಅಳತೆ) 0.536, ಕಾಲವೂ ಅಷ್ಟೇ ಹಿಗ್ಗುತ್ತದೆ, ಹಾಗಾಗಿ ನಮ್ಮ 10 ದಿನ ಅಲ್ಲಿ ಸುಮಾರು ಆರೂವರೆ ದಿನ. ವಾರದ ಅಂಕಿಯಿಂದ ಎರಡು ದಿನದ ವಿಳಂಬ ಹೇಳಲಾಗದು. ‘ಒಂದು ವಾರದೊಳಗೆ ಜೊತೆಯಾಗಿ’ ಎಂದೇ ಬರೆಯಿರಿ. ಶಿಖರವೇ ಬರದಿದ್ದರೆ ಅದನ್ನೂ ಹಾಗೇ ಬರೆಯಿರಿ. 2013ರ ಡಿಸೆಂಬರ್‌ನಲ್ಲಿ ಇದೇ 3ಸಿ 279ರ ಗಾಮಾ ಕೆಲವು ಗಂಟೆ ಜೋರಾಗಿ ಭುಗಿಲೆದ್ದಿತ್ತು. ಕಾಣುವ ಬೆಳಕು ಅದರ ಜೊತೆ ಏರಲೇ ಇಲ್ಲ.